ರೋಗದ ಅಂಕ ಒಂದೇ, ಕಾಳಿನ ತೂಕ ಬೇರೆ: ಕಾರಣವೇನು?

ತೆನೆಗಾರ:

ಗೋಧಿಯ ತಳಿಗಳನ್ನು ಎಲೆ ತುಕ್ಕು ರೋಗಕ್ಕೆ ಒಡ್ಡಿ ಪರೀಕ್ಷಿಸುವ ಕೆಲಸದಲ್ಲಿ ಪದೇ ಪದೇ ಎದುರಾಗುವ ಗೊಂದಲವೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಅಕ್ಕಪಕ್ಕದ ತಾಕುಗಳಲ್ಲಿ ಬೆಳೆದ ಎರಡು ತಳಿಗಳ ತುದಿ ಎಲೆಯನ್ನು ನೋಡಿದರೆ, ತುಕ್ಕಿನ ಗುಳ್ಳೆಗಳು ಆವರಿಸಿದ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೀಗಾಗಿ ದಾಖಲೆಯಲ್ಲಿ ಎರಡಕ್ಕೂ ಒಂದೇ ಅಂಕ ಬೀಳುತ್ತದೆ. ಆದರೆ ಒಕ್ಕಣೆಯ ಬಳಿಕ ಸಾವಿರ ಕಾಳುಗಳನ್ನು ಎಣಿಸಿ ತೂಗಿದಾಗ ಒಂದು ತಳಿಯ ಕಾಳು ದುಂಡಗೆ ತುಂಬಿಕೊಂಡಿರುತ್ತದೆ. ಇನ್ನೊಂದರದು ಸುಕ್ಕುಗಟ್ಟಿ, ನಡುವಿನ ಗೀರು ಆಳಕ್ಕೆ ಇಳಿದು, ಎರಡು ಬೆರಳುಗಳ ನಡುವೆ ಉರುಳಿಸಿದರೆ ಅಂಚುಗಳು ಚುಚ್ಚುವಂತಿರುತ್ತದೆ.

ಕೆಲವೊಮ್ಮೆ ಇದು ತಿರುವುಮುರುವಾಗುವುದೂ ಉಂಟು. ಹೆಚ್ಚು ರೋಗ ತಗುಲಿದ ತಳಿಯ ಕಾಳೇ ಹೆಚ್ಚು ತೂಗುತ್ತದೆ. ರೋಗಶಾಸ್ತ್ರದವರು ಎಲೆಯನ್ನು ನೋಡಿ ಅಂಕ ಹಾಕುತ್ತಾರೆ, ಕಾಳಿನ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ರೋಗವಿಲ್ಲದ ಗಿಡಗಳನ್ನೇ ಆರಿಸಿಕೊಳ್ಳುತ್ತಾರೆ. ಇವೆರಡರ ನಡುವಿನ ಕೊಂಡಿ ಎಲ್ಲಿದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಾಲುಗಾಳು:

ಮೊದಲು ಕಾಳಿನ ಕಾಲಪಟ್ಟಿಯನ್ನು ನೋಡುವುದು ಒಳ್ಳೆಯದು, ಏಕೆಂದರೆ ಒಂದೇ ಪ್ರಮಾಣದ ರೋಗ ಬೇರೆ ಬೇರೆ ದಿನಗಳಲ್ಲಿ ಬಂದರೆ ಅದು ಮಾಡುವ ಹಾನಿಯ ಸ್ವರೂಪವೇ ಬೇರೆಯಾಗುತ್ತದೆ.

ಹೂಬಿಡುವ ಸಸ್ಯಗಳಲ್ಲಿ ಎರಡು ನಿಷೇಚನಗಳು ಒಟ್ಟಿಗೆ ನಡೆಯುತ್ತವೆ ಎಂಬುದನ್ನು 1898ರಲ್ಲಿ ಸೆರ್ಗೈ ನವಾಶಿನ್ ತೋರಿಸಿಕೊಟ್ಟರು. ಒಂದರಿಂದ ಭ್ರೂಣ ಹುಟ್ಟುತ್ತದೆ, ಇನ್ನೊಂದರಿಂದ ನಾವು ಹಿಟ್ಟಾಗಿ ಬೀಸುವ ಭ್ರೂಣಾಹಾರ ಹುಟ್ಟುತ್ತದೆ. ಗೋಧಿ, ಭತ್ತ, ಬಾರ್ಲಿಗಳಲ್ಲಿ ಈ ಭ್ರೂಣಾಹಾರದ ಕೋಶಕೇಂದ್ರಗಳು ಮೊದಲು ನಡುವೆ ಗೋಡೆಯಿಲ್ಲದೆ ವಿಭಜಿಸುತ್ತಾ ಹೋಗುತ್ತವೆ, ಆಮೇಲೆ ಗೋಡೆಗಳು ಮೂಡಿ ಕೋಶಗಳಾಗುತ್ತವೆ. ಗೋಧಿಯಲ್ಲಿ ಹೂವಾದ ಸುಮಾರು ಎರಡು ವಾರಗಳೊಳಗೆ ಕೋಶಗಳ ಸಂಖ್ಯೆ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಇದ್ದ ಕೋಶಗಳಿಗೆ ಪಿಷ್ಟ ಮತ್ತು ಪ್ರೋಟೀನು ತುಂಬುವ ಕೆಲಸ. ಇದಕ್ಕೂ ಮುಂಚೆ, ಅಂದರೆ ತೆನೆ ಇನ್ನೂ ಹೊಡೆಯೊಳಗೆ (ತುದಿ ಎಲೆಯ ಬುಡದ ಕವಚದೊಳಗೆ) ಇರುವಾಗಲೇ, ಎಷ್ಟು ಹೂಗಳು ಉಳಿಯುತ್ತವೆ ಮತ್ತು ಅವುಗಳ ಅಂಡಾಶಯ ಎಷ್ಟು ದೊಡ್ಡದಾಗುತ್ತದೆ ಎಂಬುದು ಗೊತ್ತಾಗಿರುತ್ತದೆ.

ಹೊಡೆಯ ಹಂತದಲ್ಲೇ ರೋಗ ಬಲವಾಗಿ ಬಂದರೆ ಕಾಳಿನ ಸಂಖ್ಯೆ ಇಳಿಯುತ್ತದೆ. ಉಳಿದ ಕೆಲವೇ ಕಾಳುಗಳಿಗೆ ಆಹಾರ ಧಾರಾಳವಾಗಿ ಸಿಕ್ಕಿ ಅವು ದಪ್ಪಗಾಗಲೂಬಹುದು. ಹೆಚ್ಚು ರೋಗ ತಗುಲಿದ ತಳಿಯ ಕಾಳೇ ಹೆಚ್ಚು ತೂಗುವ ವಿಚಿತ್ರಕ್ಕೆ ಒಂದು ಸರಳ ವಿವರಣೆ ಇಲ್ಲಿಯೇ ಇದೆ. ಕಾಳಿನೊಳಗೆ ಹಾಲಿನಂತಹ ದ್ರವವಿರುವ ಹಾಲುಗಾಳಿನ ಹಂತದ ನಂತರ ಬಂದ ರೋಗವಾದರೋ ಸಂಖ್ಯೆಯನ್ನು ಮುಟ್ಟುವುದಿಲ್ಲ, ತೂಕವನ್ನು ಮಾತ್ರ ಕಸಿಯುತ್ತದೆ. ಆದ್ದರಿಂದ ಸಾವಿರ ಕಾಳಿನ ತೂಕವೊಂದನ್ನೇ ನೋಡಿ ರೋಗದ ಹಾನಿಯನ್ನು ಅಳೆಯುವುದು ಸರಿಯಲ್ಲ. ತೆನೆಗೆ ಎಷ್ಟು ಕಾಳು ಎಂಬುದು ಪಕ್ಕದಲ್ಲಿಲ್ಲದಿದ್ದರೆ ಆ ಅಂಕಿ ದಾರಿ ತಪ್ಪಿಸುತ್ತದೆ.

ಇನ್ನು ಅಂಕವೂ ಒಂದೇ, ಕಾಳಿನ ಸಂಖ್ಯೆಯೂ ಒಂದೇ, ತೂಕ ಮಾತ್ರ ಬೇರೆ ಎಂಬ ಸಂದರ್ಭ. ಕಾಳಿಗೆ ಹೋಗುವ ಸಕ್ಕರೆ ಎಲೆಯಿಂದ ಮಾತ್ರ ಬರುವುದಿಲ್ಲ. ತೆನೆಯ ಹಸಿರು ಸಿಪ್ಪೆಗಳೂ ಮೀಸೆಗಳೂ ಸಕ್ಕರೆ ತಯಾರಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಹೂ ಬಿಡುವ ಮುಂಚೆ ಮತ್ತು ಅದರ ಆಸುಪಾಸಿನಲ್ಲಿ ಕಾಂಡದ ಗೆಣ್ಣುಗಳ ನಡುವೆ ಫ್ರಕ್ಟಾನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಕೂಡಿರುತ್ತದೆ. ಎಲೆ ಕೆಲಸ ನಿಲ್ಲಿಸಿದಾಗ ಈ ದಾಸ್ತಾನನ್ನು ಕರಗಿಸಿ ತೆನೆಗೆ ಸಾಗಿಸುವ ಸಾಮರ್ಥ್ಯ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ. ಬರ ನಿರೋಧಕತೆಯ ಸಂಶೋಧಕರು ಇದನ್ನು ಅಳೆಯಲು ಹೂವಾದ ಕೆಲವು ದಿನಗಳ ಬಳಿಕ ಪೊಟ್ಯಾಸಿಯಂ ಅಯೋಡೈಡ್‌ನಂತಹ ರಾಸಾಯನಿಕವನ್ನು ಸಿಂಪಡಿಸಿ ಎಲೆಗಳನ್ನು ಬೇಕೆಂದೇ ಒಣಗಿಸಿ, ಕಾಳು ಎಷ್ಟರಮಟ್ಟಿಗೆ ತುಂಬುತ್ತದೆ ಎಂದು ನೋಡುತ್ತಾರೆ. ನಿಮ್ಮ ಎರಡು ತಳಿಗಳ ಮೇಲೆ, ರೋಗವಿಲ್ಲದ ತಾಕಿನಲ್ಲಿ, ಈ ಪರೀಕ್ಷೆಯನ್ನು ಮಾಡಿ ನೋಡಬಹುದು.

ದುಂಡಾಣು ದಫ್ತರ:

ಹಾಲುಗಾಳು ಅವರು ಹೇಳಿದ್ದು ಸರಿ. ಆದರೆ ಅವರು ರೋಗವನ್ನು ಕೇವಲ ಎಲೆಯ ವಿಸ್ತೀರ್ಣವನ್ನು ಕಡಿಮೆ ಮಾಡುವ ಸಂಗತಿಯಾಗಿ ನೋಡಿದ್ದಾರೆ. ರೋಗಾಣು ಸಕ್ಕರೆಯನ್ನು ತಡೆಯುವುದಷ್ಟೇ ಅಲ್ಲ, ತನ್ನತ್ತ ತಿರುಗಿಸಿಕೊಳ್ಳುತ್ತದೆ. ಅದಕ್ಕಾಗಿ ಕಾಳು ತುಂಬಲು ಗಿಡ ಬಳಸುವ ಬಾಗಿಲನ್ನೇ ಬಳಸುತ್ತದೆ. ಇದಕ್ಕೆ ಭತ್ತದ ದುಂಡಾಣು ಅಂಗಮಾರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ಈ ರೋಗವನ್ನು ತರುವ ಕ್ಸಾಂಥೊಮೊನಾಸ್ ಒರೈಝೆ ಎಂಬ ದುಂಡಾಣು ಎಲೆಯ ನೀರುನಾಳಗಳಲ್ಲಿ ನೆಲೆಸುತ್ತದೆ. ಅಲ್ಲಿ ಹರಿಯುವ ದ್ರವದಲ್ಲಿ ಸಕ್ಕರೆ ಅತ್ಯಲ್ಪ. ಅದು ತನ್ನ ಸೂಜಿಯಂತಹ ಸ್ರವಣ ವ್ಯವಸ್ಥೆಯ ಮೂಲಕ ಟ್ಯಾಲ್ ಎಂಬ ಗುಂಪಿನ ಪ್ರೋಟೀನುಗಳನ್ನು ಭತ್ತದ ಕೋಶದೊಳಕ್ಕೆ ಕಳುಹಿಸುತ್ತದೆ. ಅವು ಕೋಶಕೇಂದ್ರವನ್ನು ಹೊಕ್ಕು, ಸ್ವೀಟ್ ಎಂಬ ಹೆಸರಿನ ವಂಶವಾಹಿಗಳ ಚಾಲಕ ಭಾಗಕ್ಕೆ ಅಂಟಿಕೊಂಡು ಅವುಗಳನ್ನು ಚಾಲೂ ಮಾಡುತ್ತವೆ. ಸ್ವೀಟ್ ವಂಶವಾಹಿಗಳು ತಯಾರಿಸುವುದು ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಪ್ರೋಟೀನುಗಳನ್ನು. ಈ ಕುಟುಂಬವನ್ನು 2010ರಲ್ಲಿ ಗುರುತಿಸಲಾಯಿತು. ಭತ್ತದಲ್ಲಿ ದುಂಡಾಣು ಗುರಿಯಿಡುವುದು ಮುಖ್ಯವಾಗಿ ಸ್ವೀಟ್ 11, 13 ಮತ್ತು 14ರ ಮೇಲೆ.

ಈಗ ಕಾಳಿನ ಕಡೆಗೆ ಬನ್ನಿ. ಇದೇ ಸ್ವೀಟ್ 11, ಸ್ವೀಟ್ 15ರ ಜೊತೆ ಸೇರಿ, ತಾಯಿಗಿಡದ ಅಂಗಾಂಶದಿಂದ ಬೆಳೆಯುವ ಭ್ರೂಣಾಹಾರಕ್ಕೆ ಸಕ್ಕರೆಯನ್ನು ದಾಟಿಸುತ್ತದೆ. ಎರಡನ್ನೂ ಕೆಡಿಸಿದ ಭತ್ತದ ಗಿಡಗಳಲ್ಲಿ ಪಿಷ್ಟ ಕಾಳಿನ ಒಳಕ್ಕೆ ಹೋಗಲಾರದೆ ಹೊರಸಿಪ್ಪೆಯಲ್ಲೇ ಸಂಗ್ರಹವಾಗಿತ್ತು, ಒಳಗೆ ಕಾಳು ಎನ್ನುವಂಥದ್ದೇ ಬೆಳೆದಿರಲಿಲ್ಲ. ಸ್ವೀಟ್ 11ರ ಕೆಲಸವನ್ನು ತಗ್ಗಿಸಿದಾಗ ಪರಾಗವೂ ಕೆಡುತ್ತದೆ ಎಂಬುದು ಅದಕ್ಕೂ ಮುಂಚೆಯೇ ಗೊತ್ತಾಗಿತ್ತು.

ಹೀಗಿರುವಾಗ ರೋಗಕ್ಕೆ ಬಾಗಿಲು ಮುಚ್ಚಬೇಕೆಂದು ಆ ವಂಶವಾಹಿಯನ್ನೇ ತೆಗೆದುಹಾಕಿದರೆ ಜೊಳ್ಳು ಕೈಗೆ ಬರುತ್ತದೆ. ತಳಿವರ್ಧಕರು ಬಹುಕಾಲದಿಂದ ಬಳಸುತ್ತಿರುವ ಎಕ್ಸ್‌ಎ 13 ಎಂಬ ನಿರೋಧಕ ಗುಣ ಈ ಇಕ್ಕಟ್ಟನ್ನು ದಾಟಿದ್ದು ಹೇಗೆಂದರೆ, ಅದರಲ್ಲಿ ಸ್ವೀಟ್ 11ರ ಪ್ರೋಟೀನು ಯಥಾಸ್ಥಿತಿಯಲ್ಲಿದೆ, ದುಂಡಾಣು ಅಂಟಿಕೊಳ್ಳುವ ಚಾಲಕ ಭಾಗ ಮಾತ್ರ ಬದಲಾಗಿದೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಇದೇ ಉಪಾಯವನ್ನು ವಂಶವಾಹಿ ತಿದ್ದುಪಡಿಯ ಮೂಲಕ ಮೂರೂ ಸ್ವೀಟ್‌ಗಳಿಗೆ ಒಟ್ಟಿಗೆ ಅನ್ವಯಿಸಿತು. ಐಆರ್ 64 ಎಂಬ ಪ್ರಸಿದ್ಧ ತಳಿಯೂ ಅದರಲ್ಲಿ ಸೇರಿತ್ತು. ಬಾಗಿಲನ್ನು ಹಾಗೆಯೇ ಬಿಟ್ಟು ಕಳ್ಳನ ಕೀಲಿ ಹೊಂದದಂತೆ ಮಾಡಿದ ಕೆಲಸ ಇದು.

ತೆನೆಗಾರ:

ಇದು ಭತ್ತದ ಮಾತಾಯಿತು. ತುಕ್ಕು ರೋಗ ತರುವುದು ಶಿಲೀಂಧ್ರ, ಅದು ಜೀವಂತ ಕೋಶದಿಂದಲೇ ಆಹಾರ ಹೀರುತ್ತದೆ. ಗೋಧಿಯಲ್ಲೂ ಸಕ್ಕರೆ ಸಾಗಣೆಗೂ ನಿರೋಧಕತೆಗೂ ನೇರ ಸಂಬಂಧ ಕಂಡಿದೆಯೇ?

ದುಂಡಾಣು ದಫ್ತರ:

ಕಂಡಿದೆ. ಎಲ್‌ಆರ್ 67 ಎಂಬ ವಂಶವಾಹಿ ಮೂರೂ ಬಗೆಯ ತುಕ್ಕು ರೋಗಗಳಿಗೂ ಬೂದಿ ರೋಗಕ್ಕೂ ಭಾಗಶಃ ನಿರೋಧಕತೆ ಕೊಡುತ್ತದೆ. ಅದು ಗ್ಲೂಕೋಸಿನಂತಹ ಸಕ್ಕರೆಯನ್ನು ಕೋಶದೊಳಕ್ಕೆ ಸೇರಿಸುವ ಪ್ರೋಟೀನಿನ ಬದಲಾದ ರೂಪ ಎಂಬುದು 2015ರಲ್ಲಿ ತಿಳಿಯಿತು. ನಿರೋಧಕ ರೂಪಕ್ಕೂ ಸಾಮಾನ್ಯ ರೂಪಕ್ಕೂ ಇರುವುದು ಎರಡೇ ಅಮೈನೊ ಆಮ್ಲಗಳ ವ್ಯತ್ಯಾಸ. ಆದರೆ ಬದಲಾದ ರೂಪ ಸಕ್ಕರೆಯನ್ನು ಸಾಗಿಸುವುದಿಲ್ಲ. ಹಾಗಿದ್ದೂ ಕಾಳು ತುಂಬುವುದು ನಿಲ್ಲುವುದಿಲ್ಲ ಎಂಬುದು ಗಮನಾರ್ಹ.

ಕತ್ತರಿ ಪ್ರಯೋಗ:

ಸಕ್ಕರೆಯ ದಾರಿ ಎಂಬ ವಿವರಣೆ ಸೊಗಸಾಗಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಸ್ವಲ್ಪ ಗುಮಾನಿ. ನಿರೋಧಕತೆ ಹೆಚ್ಚಾದರೆ ಇಳುವರಿ ಇಳಿಯುತ್ತದೆ ಎಂಬ ಮಾತನ್ನು ಪಠ್ಯಪುಸ್ತಕಗಳು ನಿಯಮದಂತೆ ಹೇಳುತ್ತಾ ಬಂದಿವೆ. ಕೆಲವು ಕಡೆ ಅದು ನಿಜ. ಬಾರ್ಲಿಯ ಎಮ್‌ಎಲ್‌ಒ ವಂಶವಾಹಿಯನ್ನು ಕೆಡಿಸಿದರೆ ಬೂದಿ ರೋಗ ಹತ್ತಿರ ಸುಳಿಯುವುದಿಲ್ಲ. ಇಂತಹ ರೂಪಾಂತರವನ್ನು ಮೊದಲು ಪಡೆದದ್ದು 1942ರಲ್ಲಿ, ವಿಕಿರಣ ಹಾಯಿಸಿದ ಬಾರ್ಲಿಯಲ್ಲಿ. ತಳಿಗಳಲ್ಲಿ ಅದು ಬಳಕೆಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಅಷ್ಟು ತಡವಾಗಲು ಒಂದು ಕಾರಣ ಅದರ ಅಡ್ಡ ಪರಿಣಾಮ: ಎಲೆಗಳು ಅವಧಿಗೆ ಮುನ್ನ ಹಣ್ಣಾಗಿ ಕಾಳು ಸಣ್ಣದಾಗುತ್ತಿತ್ತು. ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿದ್ದು ಇಂದಿಗೂ ಮುರಿಯದ ಎಲ್‌ಆರ್ 34 ಎಂಬ ತುಕ್ಕು ನಿರೋಧಕ ವಂಶವಾಹಿ ಇದ್ದ ಗೋಧಿಯಲ್ಲಿ ಕೂಡ ಎಲೆಯ ತುದಿ ತಾನಾಗಿ ಒಣಗುತ್ತದೆ. ರೋಗವಿಲ್ಲದ ವರ್ಷದಲ್ಲೂ ಒಣಗುವ ಆ ತುದಿಯನ್ನು ಅಂಕ ಹಾಕುವವರು ರೋಗವೆಂದು ಬರೆದುಕೊಂಡರೆ ತಳಿಗೆ ಅನ್ಯಾಯವಾಗುತ್ತದೆ. ತೆನೆಗಾರ ಅವರು ತಮ್ಮ ತಳಿಗಳಲ್ಲಿ ಇದನ್ನು ಮೊದಲು ಪರಿಶೀಲಿಸಬೇಕು.

ಆದರೆ ಆ ನಿಯಮವನ್ನು ಮುರಿಯುವ ಉದಾಹರಣೆಗಳೂ ಈಗ ಸಾಕಷ್ಟಿವೆ. ಗೋಧಿಯಲ್ಲಿ ಎಮ್‌ಎಲ್‌ಒ ವಂಶವಾಹಿಗಳನ್ನು ತಿದ್ದುವಾಗ ಒಂದು ಗಿಡದಲ್ಲಿ ಅಕಸ್ಮಾತ್ತಾಗಿ ಸುಮಾರು ಮೂರು ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದದ ವರ್ಣತಂತು ಭಾಗ ಉದುರಿಹೋಗಿತ್ತು. ಆ ಗಿಡ ಬೂದಿ ರೋಗಕ್ಕೆ ನಿರೋಧಕವಾಗಿದ್ದೂ ಇಳುವರಿಯಲ್ಲಿ ಕುಗ್ಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಹತ್ತಿರದ ಇನ್ನೊಂದು ವಂಶವಾಹಿ ಹೆಚ್ಚು ಚುರುಕಾದದ್ದೇ ಅದಕ್ಕೆ ಕಾರಣ, ಮತ್ತು ಅದು ಕೂಡ ಸಕ್ಕರೆ ಸಾಗಿಸುವ ಪ್ರೋಟೀನೇ ಎಂಬುದನ್ನು ದುಂಡಾಣು ದಫ್ತರ ಅವರು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು, ನಾನು ತಡೆಯುವುದಿಲ್ಲ. ಭತ್ತದ ಬೆಂಕಿ ರೋಗಕ್ಕೆ ನಿರೋಧಕತೆ ಕೊಡುವ ಪಿಗ್ಮ್ ಎಂಬ ತಾಣದಲ್ಲಿ ಪ್ರಕೃತಿಯೇ ಎರಡು ವಂಶವಾಹಿಗಳನ್ನು ಜೋಡಿಸಿಟ್ಟಿದೆ: ಒಂದು ರೋಗವನ್ನು ತಡೆಯುತ್ತದೆ ಆದರೆ ಕಾಳಿನ ತೂಕವನ್ನು ಇಳಿಸುತ್ತದೆ, ಇನ್ನೊಂದು ಮುಖ್ಯವಾಗಿ ಪರಾಗ ಮತ್ತು ತೆನೆಯಲ್ಲಿ ಮಾತ್ರ ಕೆಲಸ ಮಾಡಿ ಕಾಳು ಕಟ್ಟುವ ಪ್ರಮಾಣವನ್ನು ಏರಿಸುತ್ತದೆ.

ಆದ್ದರಿಂದ ನಿರೋಧಕತೆಗೆ ಬೆಲೆ ತೆರಲೇಬೇಕು ಎಂದು ಸಾರಾಸಗಟಾಗಿ ಹೇಳುವುದಕ್ಕಿಂತ, ಯಾವ ವಂಶವಾಹಿ, ಯಾವ ಅಂಗಾಂಶದಲ್ಲಿ, ಯಾವ ಹಂತದಲ್ಲಿ ಎಂದು ಕೇಳುವುದು ಲೇಸು. ಕುಂಡದಲ್ಲಿ ಬೆಳೆದ ಹತ್ತು ಗಿಡಗಳ ಕಾಳು ತೂಗಿ ಇಳುವರಿಗೆ ನಷ್ಟವಿಲ್ಲ ಎಂದು ಘೋಷಿಸುವ ಪ್ರಬಂಧಗಳನ್ನು ಮಾತ್ರ ನಾನು ನಂಬುವುದಿಲ್ಲ.

ಫ್ಯುಸೇರಿಯಂ ಪಕ್ಷ:

ಎಲ್ಲರೂ ಎಲೆಯ ಬಗ್ಗೆಯೇ ಬರೆದಿದ್ದಾರೆ. ತೆನೆಗೇ ನೇರವಾಗಿ ಬರುವ ರೋಗಗಳಲ್ಲಿ ಅಂಕಕ್ಕೂ ತೂಕಕ್ಕೂ ಇರುವ ಅಂತರ ಇನ್ನೂ ಹೆಚ್ಚು.

ಗೋಧಿಯ ತೆನೆ ಅಂಗಮಾರಿಯನ್ನು ತರುವ ಫ್ಯುಸೇರಿಯಂ ಗ್ರಾಮಿನೇರಂ ಎಂಬ ಶಿಲೀಂಧ್ರಕ್ಕೆ ಹೂ ಅರಳುವ ಕೆಲವೇ ದಿನಗಳು ಅತ್ಯಂತ ಅನುಕೂಲವಾದ ಅವಧಿ. ಹೊರಕ್ಕೆ ಬಾರದೆ ಸಿಪ್ಪೆಗಳ ನಡುವೆ ಸಿಕ್ಕಿಕೊಂಡ ಕೇಸರದ ತುದಿಗಳು ಅದಕ್ಕೆ ಒಳ್ಳೆಯ ತಾವು, ಹಾಗಾಗಿ ಕೇಸರಗಳನ್ನು ಪೂರ್ತಿಯಾಗಿ ಹೊರಚಾಚುವ ತಳಿಗಳಲ್ಲಿ ಸೋಂಕು ಕಡಿಮೆ. ಒಳಹೊಕ್ಕ ಮೇಲೆ ಅದು ಡಿಯಾಕ್ಸಿನಿವಲೆನಾಲ್ ಎಂಬ ವಿಷವನ್ನು ಸ್ರವಿಸುತ್ತದೆ. ಈ ವಿಷ ಕೋಶಗಳಲ್ಲಿ ಪ್ರೋಟೀನು ತಯಾರಾಗುವುದನ್ನೇ ನಿಲ್ಲಿಸುತ್ತದೆ. ವಿಷ ತಯಾರಿಸುವ ಟಿಆರ್‌ಐ 5 ವಂಶವಾಹಿಯನ್ನು ಕಳೆದುಕೊಂಡ ಶಿಲೀಂಧ್ರ ಮೊದಲ ಹೂವಿಗೆ ಸೋಂಕು ತರಬಲ್ಲದು, ಆದರೆ ತೆನೆಯ ನಡುದಂಟಿನ ಗೆಣ್ಣನ್ನು ದಾಟಿ ಪಕ್ಕದ ಹೂಗುಚ್ಛಕ್ಕೆ ಹೋಗಲಾರದು. ಗಿಡ ಅಲ್ಲಿ ಕೋಶಗೋಡೆಗಳನ್ನು ದಪ್ಪ ಮಾಡಿ ತಡೆಯುತ್ತದೆ. ವಿಷವಿದ್ದರೆ ಆ ತಡೆ ನಿಲ್ಲುವುದಿಲ್ಲ.

ಶಿಲೀಂಧ್ರ ನಡುದಂಟನ್ನು ಹೊಕ್ಕು ನಾಳಗಳು ಕಟ್ಟಿಕೊಂಡ ಮೇಲೆ, ಅದಕ್ಕಿಂತ ಮೇಲಿನ ಭಾಗವೆಲ್ಲ ನೀರು ಮತ್ತು ಆಹಾರವಿಲ್ಲದೆ ಬೆಳ್ಳಗಾಗುತ್ತದೆ. ಅಲ್ಲಿನ ಕಾಳುಗಳು ಸುಕ್ಕಾಗಿರುತ್ತವೆ, ಆದರೆ ಅವುಗಳಲ್ಲಿ ಕೆಲವಕ್ಕೆ ಶಿಲೀಂಧ್ರ ತಗುಲಿಯೇ ಇರುವುದಿಲ್ಲ. ಇನ್ನೊಂದು ಕಡೆ, ಹಾಲುಗಾಳಿನ ನಂತರ ತಡವಾಗಿ ಸೋಂಕಿದ ಕಾಳು ಪೂರ್ತಿ ತುಂಬಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ವಿಷವಿರುತ್ತದೆ. ತೂಕ ನೋಡಿ ಆರಿಸುವ ತಳಿವರ್ಧಕರು ಈ ಎರಡನೆಯದನ್ನು ಹಿಡಿಯಲಾರರು. ನನ್ನ ಮಟ್ಟಿಗೆ, ತೆನೆ ರೋಗದಲ್ಲಿ ವಿಷವನ್ನು ಅಳೆಯದ ಯಾವ ಪರೀಕ್ಷೆಯೂ ಪೂರ್ತಿಯಾದದ್ದಲ್ಲ. ಗೋಧಿಯ ಕಾಡುಬಂಧುವಾದ ಥೈನೊಪೈರಂ ಹುಲ್ಲಿನಿಂದ ಬಂದ ಎಫ್‌ಎಚ್‌ಬಿ 7 ಎಂಬ ವಂಶವಾಹಿ ಈ ವಿಷವನ್ನೇ ನಿಷ್ಕ್ರಿಯಗೊಳಿಸುತ್ತದೆ ಎಂದು 2020ರಲ್ಲಿ ಪ್ರಕಟವಾಯಿತು. ಅದು ಮೂಲತಃ ಹುಲ್ಲಿನೊಳಗೆ ವಾಸಿಸುವ ಇನ್ನೊಂದು ಶಿಲೀಂಧ್ರದಿಂದ ಹುಲ್ಲಿಗೆ ಬಂದಿರಬೇಕೆಂದು ಆ ಸಂಶೋಧಕರು ವಾದಿಸಿದ್ದಾರೆ.

ಕಾಳಿನ ಬೆಳವಣಿಗೆಯನ್ನೇ ರೋಗಾಣು ಅಪಹರಿಸುವ ಇನ್ನೊಂದು ಉದಾಹರಣೆ ಭತ್ತದ ಹುಸಿ ಕಾಡಿಗೆ ರೋಗ. ಅದರ ಶಿಲೀಂಧ್ರ ಕೇಸರದ ದಂಟುಗಳಿಗೆ ತಗುಲಿ ನಿಷೇಚನ ನಡೆಯದಂತೆ ಮಾಡುತ್ತದೆ. ಆದರೂ ಆ ಹೂವಿನಲ್ಲಿ, ನಿಷೇಚನ ನಡೆದ ಹೂವಿನಲ್ಲಿ ಮಾತ್ರ ಚಾಲೂ ಆಗಬೇಕಾದ ಕಾಳು ತುಂಬುವ ವಂಶವಾಹಿಗಳಲ್ಲಿ ಹಲವು ಚಾಲೂ ಆಗುತ್ತವೆ. ಗಿಡ ಆಹಾರವನ್ನು ಕಳುಹಿಸುತ್ತದೆ, ಬೆಳೆಯುವುದು ಮಾತ್ರ ಕಾಳಲ್ಲ, ಶಿಲೀಂಧ್ರದ ಉಂಡೆ.

ಕತ್ತರಿ ಪ್ರಯೋಗ:

ಹೂವಿಗೂ ರೋಗಕ್ಕೂ ಇರುವ ನಂಟಿಗೆ ಮುಸುಕಿನ ಜೋಳದ 1970ರ ಪ್ರಸಂಗವನ್ನೂ ಸೇರಿಸಬೇಕು. ಅಮೆರಿಕದಲ್ಲಿ ಹೈಬ್ರಿಡ್ ಬೀಜ ತಯಾರಿಸುವಾಗ ಗಂಡು ಹೂ ಕೀಳುವ ಕೂಲಿಯನ್ನು ಉಳಿಸಲು ಟೆಕ್ಸಾಸ್ ಎಂಬ ಬಗೆಯ ಕೋಶದ್ರವ್ಯವಿರುವ, ಪರಾಗ ಕಟ್ಟದ ತಾಯಿಗಿಡಗಳನ್ನು ಬಹುಪಾಲು ಬೀಜಕ್ಕೆ ಬಳಸಲಾಗಿತ್ತು. ಪರಾಗವನ್ನು ಕೆಡಿಸುತ್ತಿದ್ದ ಅದೇ ಮೈಟೊಕಾಂಡ್ರಿಯಾ ಪ್ರೋಟೀನು ಎಲೆ ಅಂಗಮಾರಿ ಶಿಲೀಂಧ್ರದ ಒಂದು ಪ್ರಭೇದದ ವಿಷಕ್ಕೆ ಗಿಡವನ್ನು ಒಡ್ಡಿಕೊಟ್ಟಿತು. ಆ ವರ್ಷ ದೇಶದ ಮುಸುಕಿನ ಜೋಳದ ಫಸಲಿನಲ್ಲಿ ಸುಮಾರು ಶೇ. 15ರಷ್ಟು ನಷ್ಟವಾಯಿತು. ಸಕ್ಕರೆಯ ಮಾತೇ ಇಲ್ಲದ ಉದಾಹರಣೆ ಇದು.

ತಾಕು ಲೆಕ್ಕ:

ಮೂಲ ಪ್ರಶ್ನೆಗೆ ಹಿಂದಿರುಗೋಣ. ನಿರೋಧಕತೆ ಬೇರೆ, ಸಹಿಷ್ಣುತೆ ಬೇರೆ. ರೋಗವನ್ನು ಕಡಿಮೆ ಮಾಡುವುದು ಮೊದಲನೆಯದು. ಅಷ್ಟೇ ರೋಗವಿದ್ದೂ ಕಡಿಮೆ ನಷ್ಟ ಅನುಭವಿಸುವುದು ಎರಡನೆಯದು. ತೆನೆಗಾರ ಅವರು ಕಂಡದ್ದು ಸಹಿಷ್ಣುತೆ ಇದ್ದೀತು, ಆದರೆ ಅದನ್ನು ಹೇಳಬೇಕಾದರೆ ಪ್ರತಿ ತಳಿಗೂ ಶಿಲೀಂಧ್ರನಾಶಕದಿಂದ ರೋಗಮುಕ್ತವಾಗಿ ಕಾಪಾಡಿದ ಜೋಡಿ ತಾಕು ಇರಲೇಬೇಕು. ಅದಿಲ್ಲದೆ ಎರಡು ತಳಿಗಳ ಕಾಳಿನ ತೂಕವನ್ನು ಹೋಲಿಸಿದರೆ, ಹುಟ್ಟಿನಿಂದಲೇ ದಪ್ಪ ಕಾಳಿನ ತಳಿಯನ್ನು ಸಹಿಷ್ಣು ಎಂದು ಕರೆದಂತಾಗುತ್ತದೆ.

ಎರಡನೆಯದಾಗಿ, ಒಂದೇ ದಿನ ನೋಡಿ ಹಾಕಿದ ಅಂಕ ಸಾಲದು. ಹಲವು ದಿನಗಳ ಅಂಕಗಳನ್ನು ಜೋಡಿಸಿ ರೋಗದ ಏರಿಕೆಯ ಗೆರೆಯ ಕೆಳಗಿನ ವಿಸ್ತೀರ್ಣವನ್ನು ಲೆಕ್ಕ ಹಾಕುವ ಪದ್ಧತಿ ಬಹಳ ಹಿಂದಿನದು. ಆದರೆ 1987ರಲ್ಲಿ ಸಸ್ಯರೋಗ ತಜ್ಞರಾದ ವ್ಯಾಗನರ್ ಮತ್ತು ಬರ್ಗರ್ ತೋರಿಸಿದಂತೆ, ಇಳುವರಿಯೊಡನೆ ಹೆಚ್ಚು ಹೊಂದುವುದು ರೋಗದ ವಿಸ್ತೀರ್ಣವಲ್ಲ, ಉಳಿದ ಆರೋಗ್ಯವಂತ ಎಲೆ ಎಷ್ಟು ದಿನ ಎಷ್ಟು ಬೆಳಕು ಹೀರಿತು ಎಂಬುದು. ಅರ್ಧ ಎಲೆ ತುಕ್ಕು ಹಿಡಿದಿದೆ ಎಂಬ ಅಂಕಕ್ಕೆ, ದೊಡ್ಡ ಎಲೆಯ ತಳಿಯಲ್ಲಿ ಒಂದು ಅರ್ಥ, ಕಿರಿದಾದ ಎಲೆಯ ತಳಿಯಲ್ಲಿ ಇನ್ನೊಂದು.

ತೆನೆಗಾರ:

ಜೋಡಿ ತಾಕುಗಳು ಇದ್ದವು, ಆದರೆ ಅವುಗಳ ಕಾಳನ್ನು ಇಳುವರಿಗೆ ಮಾತ್ರ ತೂಗಲಾಗಿತ್ತು. ತೆನೆಗೆ ಎಷ್ಟು ಕಾಳು ಎಂದು ಎಣಿಸಿರಲಿಲ್ಲ. ಒಕ್ಕಣೆ ನಡೆದದ್ದು ಯಂತ್ರದಲ್ಲಿ. ಮುಂದಿನ ಹಂಗಾಮಿಗೆ ಪ್ರತಿ ತಾಕಿನಲ್ಲಿ ಕೆಲವು ತೆನೆಗಳಿಗೆ ಹೂವಾದ ದಿನವೇ ಚೀಟಿ ಕಟ್ಟಿ, ಅವನ್ನು ಕೈಯಲ್ಲೇ ಬಿಡಿಸುವ ಯೋಚನೆಯಿದೆ. ಕೆಳಗಿನ, ನಡುವಿನ ಮತ್ತು ಮೇಲಿನ ಹೂಗುಚ್ಛಗಳ ಕಾಳುಗಳನ್ನು ಬೇರೆಯಾಗಿ ತೂಗುವುದರಿಂದ ಪ್ರಯೋಜನವಿದೆಯೇ?

ಹಾಲುಗಾಳು:

ಇದೆ. ಗೋಧಿಯ ತೆನೆಯಲ್ಲಿ ಹೂ ಮೊದಲು ಅರಳುವುದು ನಡುವಿನಲ್ಲಿ. ಆಮೇಲೆ ಅದು ಮೇಲಕ್ಕೂ ಕೆಳಕ್ಕೂ ಹಬ್ಬುತ್ತದೆ. ಪ್ರತಿ ಹೂಗುಚ್ಛದಲ್ಲಿಯೂ ಬುಡದ ಎರಡು ಹೂಗಳ ಕಾಳು ದೊಡ್ಡದು, ಮೂರನೆಯದು ಮತ್ತು ನಾಲ್ಕನೆಯದು ಸಣ್ಣವು. ಆಹಾರ ಕಡಿಮೆಯಾದಾಗ ಮೊದಲು ಸೊರಗುವುದು ಈ ಕಡೆಯವು. ಎರಡು ತಳಿಗಳ ಬುಡದ ಕಾಳುಗಳು ಸಮನಾಗಿದ್ದು ಮೂರನೆಯ ಕಾಳು ಮಾತ್ರ ಭಿನ್ನವಾಗಿದ್ದರೆ, ಅದು ಪೂರೈಕೆಯ ಕೊರತೆಯೆಂದು ಹೇಳಲು ಬಲವಾದ ಸುಳಿವು.

ಫ್ಯುಸೇರಿಯಂ ಪಕ್ಷ:

ಯಂತ್ರದ ಒಕ್ಕಣೆ ಎಂದಿರಿ, ಅದರ ಬಗ್ಗೆ ಒಂದು ಎಚ್ಚರಿಕೆ. ಯಂತ್ರದ ಗಾಳಿ ಹೊಟ್ಟಿನೊಡನೆ ಹಗುರವಾದ ಸುಕ್ಕುಗಾಳುಗಳನ್ನೂ ಹಾರಿಸಿಬಿಡುತ್ತದೆ. ತೆನೆ ಅಂಗಮಾರಿ ಬಂದ ಹೊಲಗಳಲ್ಲಿ ವಿಷಪೂರಿತ ಕಾಳನ್ನು ಕಳೆಯಲು ಗಾಳಿಯನ್ನು ಬೇಕೆಂದೇ ಹೆಚ್ಚಿಸುವುದೂ ಇದೆ. ಸಂಶೋಧನೆಯ ಮಾದರಿಯಲ್ಲಿ ಹಾಗಾದರೆ ಅತಿ ಕೆಟ್ಟ ಕಾಳು ತಕ್ಕಡಿಗೇ ಬರುವುದಿಲ್ಲ, ಉಳಿದವುಗಳ ಸರಾಸರಿ ಚೆನ್ನಾಗಿ ಕಾಣುತ್ತದೆ. ಹೆಚ್ಚು ರೋಗದ ತಳಿಯ ಕಾಳು ಹೆಚ್ಚು ತೂಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ತಾಕು ಲೆಕ್ಕ:

ಚೀಟಿಯಲ್ಲಿ ಹೂವಾದ ದಿನಾಂಕ ಇರುವುದರಿಂದ ಇನ್ನೊಂದು ಲಾಭವಿದೆ. ಒಂದೇ ದಿನ ಎಲ್ಲ ತಾಕುಗಳಿಗೂ ಅಂಕ ಹಾಕಿದಾಗ, ವಾರ ಮೊದಲು ಹೂ ಬಿಟ್ಟ ತಳಿಯಲ್ಲಿ ಕಾಳು ಹಿಟ್ಟಿನ ಹಂತಕ್ಕೆ ಬಂದಿರುತ್ತದೆ, ತಡವಾದ ತಳಿಯಲ್ಲಿ ಇನ್ನೂ ಹಾಲೇ ಇರುತ್ತದೆ. ತುಕ್ಕಿನ ಅಂಕ ಒಂದೇ ಆದರೂ ಮೊದಲನೆಯದು ಹೆಚ್ಚಿನ ಭಾಗವನ್ನು ತುಂಬಿಕೊಂಡಾಗಿದೆ, ಎರಡನೆಯದಕ್ಕೆ ತುಂಬಬೇಕಾದದ್ದು ಬಹಳವಿದೆ. ಆದ್ದರಿಂದ ಪಂಚಾಂಗದ ದಿನಾಂಕದ ಬದಲು ಹೂವಾದ ಎಷ್ಟನೆಯ ದಿನ ಎಂಬ ಲೆಕ್ಕದಲ್ಲಿ ಅಂಕಗಳನ್ನು ಮರುಜೋಡಿಸಿ. ಹಳೆಯ ದಾಖಲೆಗಳಲ್ಲಿ ಹೂವಾದ ದಿನ ಬರೆದಿದ್ದರೆ ಈ ಕೆಲಸಕ್ಕೆ ಮುಂದಿನ ಹಂಗಾಮಿನವರೆಗೆ ಕಾಯಬೇಕಾಗಿಯೂ ಇಲ್ಲ.